ಪಕ್ಕದ ಹಲ್ಲಿನ ಪಾಠ

ದಂತವೈದ್ಯದಲ್ಲಿ ಒಳ್ಳೆಯ ಕೆಲಸಕ್ಕೆ ಒಂದು ವಿಚಿತ್ರ ಅಳತೆಗೋಲಿದೆ: ಮಾಡಿದ ಕೆಲಸ ಕಾಣಬಾರದು. ತುಂಬಿಸಿದ ಹಲ್ಲು ತುಂಬಿಸಿದ್ದೆಂದು ತಿಳಿಯಬಾರದು. ಕ್ಯಾಪ್ ಹಾಕಿದ ಹಲ್ಲು ಪಕ್ಕದ ಹಲ್ಲಿನ ಜೊತೆಗೇ ಹುಟ್ಟಿದಂತೆ ಕೂತಿರಬೇಕು. ಕೆಲವು ದಿನ ಅದರ ಮೇಲೆ ಸುಳಿದಾಡಿದ ನಾಲಿಗೆ ಆಮೇಲೆ ಅದನ್ನು ಮರೆತೇಬಿಡಬೇಕು. ಮರೆತುಹೋಗುವುದನ್ನೇ ಯಶಸ್ಸೆಂದು ಬಗೆಯುವ ಈ ಶಾಖೆಯಲ್ಲಿ ಬದುಕಿನ ಬಹುಭಾಗವನ್ನು ಕಳೆದು, ನಮ್ಮ ಕಾಲೇಜಿನ ಸಂರಕ್ಷಣಾ ದಂತವೈದ್ಯ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಬಗ್ಗೆ ಬರೆಯುವುದು ಆದ್ದರಿಂದಲೇ ಕಷ್ಟ. ಅವರ ಸಾಧನೆಗೆ ಸಾಕ್ಷಿ ಹೇಳಬೇಕಾದ ಸಾವಿರಾರು ಜನ ಈ ಹೊತ್ತಿನಲ್ಲಿ ಎಲ್ಲೋ ಸೇಬು ಕಚ್ಚುತ್ತಾ, ಫೋನಿನಲ್ಲಿ ಹರಟುತ್ತಾ, ಫೋಟೋಕ್ಕೆ ನಗುತ್ತಾ ಇದ್ದಾರೆ. ತಮ್ಮ ಬಾಯಲ್ಲಿ ಮೇಡಂ ಅವರ ಕೈಕೆಲಸ ಇದೆಯೆಂಬುದು ಅವರಿಗೆ ನೆನಪೇ ಇಲ್ಲ. ಅವರೆಲ್ಲರ ಪರವಾಗಿ, ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅದೇ ವಿಭಾಗದಲ್ಲಿ ಸಹೋದ್ಯೋಗಿಯಾಗಿ ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸ್ನಾತಕೋತ್ತರ ಓದಿಗೆ ಸೇರಿದಾಗ ಮೇಡಂ ವಿಭಾಗದ ಅತ್ಯಂತ ಕಿರಿಯ ಅಧ್ಯಾಪಕರು. ಹಳೆಯ ಕಟ್ಟಡದ ಮೊದಲ ಮಹಡಿ. ಕಿಟಕಿಗಳ ಉದ್ದಕ್ಕೂ ಕುರ್ಚಿಗಳ ಸಾಲು. ಗೋಡೆಗೂ ಪರದೆಗೂ ಅಂಟಿಕೊಂಡ ಲವಂಗದೆಣ್ಣೆಯ ವಾಸನೆ. ಬಾಗಿಲಾಚೆಯ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತ ಜನ. ಮೂಲೆಯ ಕುರ್ಚಿಗೆ ಬಿಸಿಲು ಹೊಡೆಯುತ್ತದೆಂದು ಹಿರಿಯರೆಲ್ಲ ಬಿಟ್ಟಿದ್ದರು. ಮೇಡಂ ಅದನ್ನೇ ಕೇಳಿ ಪಡೆದಿದ್ದರು. ಹಲ್ಲಿನ ಬಣ್ಣವನ್ನು ಹಗಲಿನ ಬೆಳಕಿನಲ್ಲೇ ಆರಿಸಬೇಕು, ದೀಪದ ಬೆಳಕು ಸುಳ್ಳು ಹೇಳುತ್ತದೆ ಎಂಬುದು ಅವರ ಮೊದಲ ಪಾಠ. ಬಣ್ಣದ ಮಾದರಿಗಳ ಪಟ್ಟಿಯನ್ನು ರೋಗಿಯ ತುಟಿಯ ಬಳಿ ಹಿಡಿದು, ಒಂದು ಕ್ಷಣ ನೋಡಿ, ಮುಖ ತಿರುಗಿಸಿ ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ನೋಡುತ್ತಿದ್ದರು. ಒಸಡಿನ ಬಳಿ ಹಳದಿಯ ಛಾಯೆ, ನಡುವೆ ಹಾಲಿನ ಕೆನೆಯ ಬಣ್ಣ, ತುದಿಯಲ್ಲಿ ಗಾಜಿನಂತೆ ತುಸು ನೀಲಿ, ಒಂದೇ ಹಲ್ಲಿನಲ್ಲಿ ಇಷ್ಟಿದೆಯೆಂದು ತೋರಿಸಿ ಅವರು ಹೇಳುತ್ತಿದ್ದರು: "ಹಲ್ಲು ಬಿಳಿ ಅನ್ನೋರು ಹಲ್ಲನ್ನ ಇನ್ನೂ ಸರಿಯಾಗಿ ನೋಡಿಲ್ಲ."

ಅವರ ಕೈಯ ಬಗ್ಗೆ ನಮ್ಮಲ್ಲಿ ಕತೆಗಳೇ ಹುಟ್ಟಿಕೊಂಡಿದ್ದವು. ನಡುಗುವ ಬಾಯಿಯ ಮೇಲೆ ಅವರ ಉಂಗುರಬೆರಳು ಊರಿತೆಂದರೆ ಆ ಬಾಯಿ ತಾನಾಗಿ ಸ್ಥಿರವಾಗುತ್ತಿತ್ತು. ಹುಳುಕನ್ನು ಕೊರೆಯುವಾಗ ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ಪುಸ್ತಕದಲ್ಲಿ ಒಂದು ಪುಟದಷ್ಟು ಬರೆದಿರುತ್ತದೆ. ಅವರ ಬೆರಳಿಗೆ ಅದು ಸದ್ದಿನಲ್ಲೇ ತಿಳಿಯುತ್ತಿತ್ತು. ಮೆತ್ತಗಾದ ಹಲ್ಲಿನ ಸದ್ದು ಮುಗಿದು ಗಟ್ಟಿ ಹಲ್ಲಿನ ಸದ್ದು ಶುರುವಾದ ಕಡೆ ಅವರ ಕಾಲು ಪೆಡಲ್ ಬಿಟ್ಟಿರುತ್ತಿತ್ತು. ಪಕ್ಕದಲ್ಲಿ ಲಾಲಾರಸ ಹೀರುವ ಕೊಳವೆ ಹಿಡಿದು ನಿಂತಿದ್ದ ನಾನು ಎಷ್ಟೋ ಸಲ ಕೊಳವೆಯನ್ನೇ ಮರೆತು ಬೈಸಿಕೊಂಡಿದ್ದುಂಟು. ಇಂಥ ಕೈ ತಪ್ಪು ಮಾಡುತ್ತದೆ ಎಂದು ನಾವು ಯಾರೂ ಭಾವಿಸಿರಲಿಲ್ಲ. ಆ ಕೈ ಒಂದು ತಪ್ಪು ಮಾಡಿದ್ದನ್ನೂ ಅದನ್ನು ತಿದ್ದಲು ಮೇಡಂ ಪಟ್ಟ ಪಾಡನ್ನೂ ಹೇಳದೆ ಅವರನ್ನು ಹೊಗಳಿದರೆ ಅದು ಹೊಗಳಿಕೆಯಲ್ಲ. ಅವರೇ ಅದನ್ನು ಒಪ್ಪುವುದಿಲ್ಲ.

ಊರಿನ ನಾಟಕಮಂದಿರದ ವಾದ್ಯವೃಂದದಲ್ಲಿ ಮೊದಲ ಕುರ್ಚಿಯ, ಅಂದರೆ ಮುಖ್ಯ ಸ್ಥಾನದ, ಕ್ಲಾರಿನೆಟ್ ವಾದಕರೊಬ್ಬರಿದ್ದರು. ಬೆಳಗಿನ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಕ್ಲಾರಿನೆಟ್ ಮೇಷ್ಟ್ರು. ಎಳವೆಯಲ್ಲಿ ಬಿದ್ದು ಪೆಟ್ಟಾದ ಅವರ ಮೇಲಿನ ಮುಂಹಲ್ಲೊಂದು ಒಳಗೇ ಸತ್ತು, ಕಪ್ಪಾಗಿ, ಕೊನೆಗೆ ಬುಡದಲ್ಲಿ ಕೀವುಗಟ್ಟಿತ್ತು. ಮೇಡಂ ಅದಕ್ಕೆ ರೂಟ್ ಕೆನಾಲ್ ಮಾಡಿದರು; ನೋವು ಹೋಯಿತು; ಇನ್ನು ಕ್ಯಾಪ್ ಹಾಕಬೇಕು ಎನ್ನುವ ದಿನ ಮೇಷ್ಟ್ರ ಜೊತೆ ಅವರ ಹೆಂಡತಿಯೂ ಬಂದರು. ಆ ಹಲ್ಲಿನ ಪಕ್ಕದ್ದು ಪೂರ್ತಿ ಆರೋಗ್ಯವಾಗಿತ್ತು, ಆದರೆ ಒಂದು ಭುಜ ಮುಂದೆ ಚಾಚಿ, ತುಸು ಕೆಳಗಿಳಿದು ನಿಂತಿತ್ತು.

"ಡಾಕ್ಟ್ರಮ್ಮ, ಹೆಂಗೂ ಒಂದಕ್ಕೆ ಕ್ಯಾಪ್ ಹಾಕ್ತಿದೀರ. ಪಕ್ಕದ್ದು ನೋಡಿ, ಬಸ್ ಬಾಗಿಲಲ್ಲಿ ಅಡ್ಡ ನಿಂತೋರ ಥರ ನಿಂತಿದೆ. ಅದನ್ನೂ ನೆಟ್ಟಗೆ ಮಾಡ್ಬಿಡಿ. ವೇದಿಕೆ ಮೇಲೆ ಕೂರೋ ಮನುಷ್ಯ," ಎಂದರು ಆಕೆ.

"ಅದರ ಪಾಡಿಗೆ ಅದು ಇದೆ. ಇರಲಿ ಬಿಡೇ," ಎಂದರು ಮೇಷ್ಟ್ರು.

"ನೀವು ಸುಮ್ನಿರಿ. ನಿಮ್ಮ ಮುಖ ದಿನಾ ನೋಡೋಳು ನಾನು, ನೀವಲ್ಲ."

ನಾವೆಲ್ಲ ನಕ್ಕೆವು. ಮೇಡಂ ಕೂಡ ನಕ್ಕರು, ನಕ್ಕು ಒಪ್ಪಿದರು. ಎರಡೂ ಹಲ್ಲುಗಳನ್ನು ಯಂತ್ರದಿಂದ ಉಜ್ಜಿ ಸಣ್ಣದಾಗಿಸಿ, ಅಳತೆ ತೆಗೆದು, ಗಟ್ಟಿಯಾಗಿರಲೆಂದು ಎರಡು ಕ್ಯಾಪುಗಳನ್ನೂ ಒಂದಕ್ಕೊಂದು ಬೆಸೆದು ಕೂರಿಸಿದರು. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಆಗಿನ ಮುಖ್ಯಸ್ಥರು ಮೂರೂ ವರ್ಷದ ವಿದ್ಯಾರ್ಥಿಗಳನ್ನು ಕರೆಸಿ, ಮೇಷ್ಟ್ರನ್ನು ಕಿಟಕಿಯ ಬಳಿ ನಿಲ್ಲಿಸಿ, ಬಾಯಿ ತೆರೆಸಿ ತೋರಿಸಿದರು. ಒಂದು ಸಂಗತಿ ಮಾತ್ರ ಆ ದಿನ ಯಾರ ತಲೆಗೂ ಹೊಳೆಯಲಿಲ್ಲ. ಹಲ್ಲು ಮುಟ್ಟುವ ಮೊದಲು ಅದು ಇದ್ದ ಹಾಗೇ ಒಂದು ಅಚ್ಚು ತೆಗೆದು ಗಾರೆಯಲ್ಲಿ ಎರಕ ಹೊಯ್ದು ಇಟ್ಟುಕೊಳ್ಳುವುದು ಹಲ್ಲು ಸೆಟ್ಟಿನಂಥ ದೊಡ್ಡ ಕೆಲಸಗಳಿಗೆ ನಮ್ಮಲ್ಲಿ ರೂಢಿಯಲ್ಲಿತ್ತು. ಎರಡು ಕ್ಯಾಪಿಗೆಲ್ಲ ಯಾರೂ ಆ ಗೋಜಿಗೆ ಹೋಗುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಮೇಷ್ಟ್ರು ಒಬ್ಬರೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಸರದಿ ಬಂದಾಗ ಒಳಗೆ ಬಂದು, ಹೇಳಲು ಸಂಕೋಚಪಡುತ್ತಾ, "ಹಲ್ಲು ಚೆನ್ನಾಗಿದೆ ಡಾಕ್ಟ್ರೇ, ಎಲ್ಲರೂ ಹೊಗಳ್ತಾರೆ. ಊದೋಕೆ ಮಾತ್ರ ಬರ್ತಿಲ್ಲ," ಎಂದರು.

ಕ್ಲಾರಿನೆಟ್ಟಿನ ತುದಿಯಲ್ಲಿ ಬಾಯೊಳಗೆ ಹೋಗುವ ಭಾಗಕ್ಕೆ ಮೌತ್‌ಪೀಸ್ ಎನ್ನುತ್ತಾರೆ. ಅದರ ಕೆಳಗಿನ ತೆಳುವಾದ ಪಟ್ಟಿ ಕೆಳತುಟಿಯ ಮೇಲೆ ಕೂತು ಕಂಪಿಸುತ್ತದೆ; ಮೇಲಿನ ಮುಂಹಲ್ಲುಗಳು ನೇರವಾಗಿ ಮೌತ್‌ಪೀಸಿನ ಬೆನ್ನಿನ ಮೇಲೆ ಊರುತ್ತವೆ. ಆ ಊರುವಿಕೆಯೇ ವಾದಕನ ನೆಲೆ. ಮೇಷ್ಟ್ರಿಗೆ ಆ ನೆಲೆ ತಪ್ಪಿಹೋಗಿತ್ತು. ಮೇಲಿನ ಸ್ವರಗಳು ಕೀಚಲಾಗುತ್ತಿದ್ದವು, ಕೆಳಗಿನವು ಒಡೆಯುತ್ತಿದ್ದವು, ಸ್ವಲ್ಪ ಹೊತ್ತಿಗೇ ದವಡೆ ನೋಯುತ್ತಿತ್ತು. "ಮೊದಲೆಲ್ಲ ಸ್ವರ ತಲೆಯೊಳಗೇ ಕೇಳ್ತಿತ್ತು. ಈಗ ಪಕ್ಕದ ಮನೇಲಿ ಯಾರೋ ಊದಿದ ಹಾಗಿರುತ್ತೆ," ಎಂದರು. ನಾಟಕಮಂದಿರದ ಹೊಸ ಹಂಗಾಮಿನ ಮೊದಲ ಸಂಜೆಯೇ ಅವರೊಬ್ಬರೇ ನುಡಿಸಬೇಕಾದ ದೀರ್ಘವಾದ ಭಾಗವಿತ್ತು. ಅಷ್ಟರೊಳಗೆ ಸರಿಹೋಗದಿದ್ದರೆ ಎರಡನೆಯ ಕುರ್ಚಿಯವನನ್ನು ಮೊದಲಿಗೆ ತರುವುದಾಗಿ ವೃಂದದ ನಿರ್ದೇಶಕರು ಹೇಳಿದ್ದರು. "ಅವನು ನನ್ನ ಶಿಷ್ಯನೇ ಡಾಕ್ಟ್ರೇ. ಒಳ್ಳೇ ಹುಡುಗ. ಅದಕ್ಕೇ ಇನ್ನೂ ಕಷ್ಟ ಆಗ್ತಿದೆ."

ಆಗಿನ ಮುಖ್ಯಸ್ಥರು ಕೆಟ್ಟವರಲ್ಲ, ಅನುಭವಸ್ಥರು. ಅವರು ಮೇಡಂ ಅವರನ್ನು ಪಕ್ಕಕ್ಕೆ ಕರೆದು, "ಹೊಸದು ತಾನೇ? ಅಭ್ಯಾಸ ಆಗುತ್ತೆ ಅಂತ ಹೇಳಿ ಕಳಿಸಮ್ಮ. ಇಷ್ಟು ಚೆನ್ನಾಗಿರೋ ಕೆಲಸಕ್ಕೆ ಕೈ ಹಾಕ್ಬೇಡ," ಎಂದರು. ಹತ್ತರಲ್ಲಿ ಒಂಬತ್ತು ರೋಗಿಗಳ ವಿಷಯದಲ್ಲಿ ಆ ಮಾತು ನಿಜವೂ ಹೌದು. ಮೇಡಂ ಮಾರನೆಯ ದಿನ ಕ್ಲಾರಿನೆಟ್ ತರುವಂತೆ ಮೇಷ್ಟ್ರಿಗೆ ಹೇಳಿದರು. ಅವರು ತಂದು ಊದಿದಾಗ ಮೇಡಂ ಮುಂದೆ ಕೂರದೆ ಒಂದು ಬದಿಗೆ ಬಗ್ಗಿ ನಿಂತು, ತುಟಿ ಮತ್ತು ಹಲ್ಲಿನ ನಡುವೆಯೇ ಕಣ್ಣು ನೆಟ್ಟು ನೋಡಿದರು. ನೋಡಿ ಮುಗಿದ ಮೇಲೆ ನಮ್ಮೆಲ್ಲರೆದುರು, ಮುಖ್ಯಸ್ಥರೆದುರೂ, ಸ್ಪಷ್ಟವಾಗಿ ಹೇಳಿದರು: "ಪಕ್ಕದ ಹಲ್ಲು ಏನೂ ತಪ್ಪು ಮಾಡಿರಲಿಲ್ಲ ಮೇಷ್ಟ್ರೇ. ಅದನ್ನ ನಾನು ಮುಟ್ಟಬಾರದಿತ್ತು. ಹಳೇದನ್ನ ವಾಪಸ್ ತರೋಕೆ ನೋಡ್ತೀನಿ. ಆಗುತ್ತೆ ಅಂತ ಮಾತು ಕೊಡೋಕೆ ಆಗಲ್ಲ."

ಮಾತು ಕೊಡಲು ಆಗದಿದ್ದುದಕ್ಕೆ ಕಾರಣವಿತ್ತು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಒಮ್ಮೆ ಉಜ್ಜಿಹೋದರೆ ಉಗುರಿನಂತೆ, ಕೂದಲಿನಂತೆ ಮತ್ತೆ ಬೆಳೆಯುವುದಿಲ್ಲ. ಹೊಸದಾಗಿ ಕಟ್ಟಬಹುದು, ಆದರೆ ಯಾವುದನ್ನು ನೋಡಿ ಕಟ್ಟುವುದು? ಹಳೆಯ ಹಲ್ಲು ಹೇಗಿತ್ತೆಂಬುದಕ್ಕೆ ಅಚ್ಚಿಲ್ಲ. ಫೋಟೋ ತನ್ನಿ ಎಂದರೆ ಮೇಷ್ಟ್ರ ಹೆಂಡತಿ ಮನೆಯಲ್ಲಿದ್ದ ಆಲ್ಬಂಗಳನ್ನೆಲ್ಲ ಚೀಲದಲ್ಲಿ ಹೊತ್ತು ತಂದರು. ಒಂದರಲ್ಲಾದರೂ ಮೇಷ್ಟ್ರ ಹಲ್ಲು ಕಾಣಬೇಕಲ್ಲ. ವೇದಿಕೆಯ ಫೋಟೋಗಳಲ್ಲೆಲ್ಲ ಬಾಯಿ ತುಂಬ ಕ್ಲಾರಿನೆಟ್, ಮಿಕ್ಕವುಗಳಲ್ಲೆಲ್ಲ ಬಿಗಿದ ತುಟಿ. "ಮದುವೆ ಫೋಟೋದಲ್ಲಿ ನಗಬೇಡ ಅಂತ ಇವರಮ್ಮ ಹೇಳಿದ್ರಂತೆ. ಅವತ್ತಿಂದ ನಕ್ಕಿಲ್ಲ ನೋಡಿ ಈ ಪುಣ್ಯಾತ್ಮ," ಎಂದು ಆಕೆ ನಗಿಸಲು ಹೋಗಿ ತಾವೇ ಅತ್ತುಬಿಟ್ಟರು. ಹಟ ಮಾಡಿದ್ದು ನಾನೇ, ಇವರ ಅನ್ನ ಕಿತ್ತುಕೊಂಡವಳು ನಾನೇ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೇಡಂ ಅವರ ಪಕ್ಕದಲ್ಲಿ ಬಂದು ಕೂತು, "ಅಮ್ಮ, ನೀವು ಕೇಳಿದ್ದು ತಪ್ಪಲ್ಲ. ಗಂಡ ಚೆನ್ನಾಗಿ ಕಾಣಲಿ ಅಂತ ಯಾರಿಗೆ ಆಸೆ ಇರಲ್ಲ? ಕೇಳಿದ್ದಕ್ಕೆಲ್ಲ ಹೂಂ ಅನ್ನೋಕಲ್ಲ ನಾನು ಇಷ್ಟು ಓದಿದ್ದು," ಎಂದರು. ಒಬ್ಬರ ತಲೆಯ ಮೇಲಿಂದ ಭಾರವನ್ನು ಅಷ್ಟು ಪೂರ್ತಿಯಾಗಿ ಇಳಿಸಿ ತಮ್ಮ ತಲೆಗೆ ಏರಿಸಿಕೊಂಡದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಅಂದೇ ಮೇಷ್ಟ್ರು ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಹಳೆಯ ಮೌತ್‌ಪೀಸ್ ತೆಗೆದರು. ದೋಷ ಅದರದ್ದೇ ಇರಬೇಕೆಂದುಕೊಂಡು ಹೊಸದೊಂದನ್ನು ಕೊಂಡಿದ್ದರಂತೆ. ಅದರಲ್ಲೂ ಬಾರದಿದ್ದಾಗಲೇ ಹಲ್ಲಿನ ಮೇಲೆ ಅನುಮಾನ ಬಂದದ್ದು. ಬಿಸಾಡುವ ಮುನ್ನ ತೋರಿಸೋಣವೆಂದು ತಂದಿದ್ದರು. ಮೇಡಂ ಅದನ್ನು ಸುಮ್ಮನೆ ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದ ಕೈ ಹಾಗೇ ನಿಂತಿತು. ಭೂತಗನ್ನಡಿ ಕೊಡಿ ಎಂದು ಕೈ ಚಾಚಿದರು.

ಮೌತ್‌ಪೀಸಿನ ಕಪ್ಪು ಬೆನ್ನಿನ ಮೇಲೆ ಎರಡು ಗುಳಿಗಳಿದ್ದವು. ಒಂದು ಆಳ, ಇಕ್ಕಟ್ಟು, ಓರೆಯಾದದ್ದು. ಇನ್ನೊಂದು ತುಸು ಹಿಂದೆ, ಆಳವಿಲ್ಲದ್ದು. ಎಷ್ಟೋ ವರ್ಷ, ದಿನವೂ, ಅದೇ ಎರಡು ಹಲ್ಲುಗಳು ಅದೇ ಜಾಗದಲ್ಲಿ ಊರಿ ಊರಿ ಆ ಗಟ್ಟಿ ರಬ್ಬರನ್ನು ಸವೆಸಿದ್ದವು. ಮೇಡಂ ಅಚ್ಚು ತೆಗೆಯುವ ಪಾಕ ಕಲಸಿ, ಗುಳಿಗಳಿಗೆ ತುಂಬಿ, ಗಟ್ಟಿಯಾಗುವವರೆಗೆ ಅದರ ಮೇಲೇ ಕಣ್ಣಿಟ್ಟು ಕೂತರು. ಬಿಡಿಸಿ ತಿರುಗಿಸಿದಾಗ ಮಾಸಲು ನೀಲಿಯ ಆ ತುಂಡಿನ ಮೇಲೆ ಎರಡು ಪುಟ್ಟ ಏಣುಗಳು ಎದ್ದು ನಿಂತಿದ್ದವು. ಒಂದು ಮುಂದೆ ಭುಜ ಚಾಚಿತ್ತು, ಇನ್ನೊಂದು ಅದರ ಹಿಂದೆ ಸರಿದು ನಿಂತಿತ್ತು.

"ಇಲ್ಲಿದಾವೆ," ಎಂದರು ಮೇಡಂ.

ಹಲ್ಲಿನ ಅಚ್ಚನ್ನು ಹಲ್ಲಿನಿಂದ ತೆಗೆಯುವುದನ್ನು ನಾವೆಲ್ಲ ಕಲಿತಿದ್ದೆವು. ಲೋಕದಲ್ಲೇ ಇಲ್ಲದ ಹಲ್ಲಿನ ಅಚ್ಚನ್ನು ಅದು ತಂಗಿದ್ದ ಜಾಗದಿಂದ ತೆಗೆಯಬಹುದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ತುಂಡನ್ನು ನೋಡಿದರು. ಆದರೆ ಮೇಡಂ ಆ ಉತ್ಸಾಹದಲ್ಲೂ ಎಚ್ಚರ ತಪ್ಪಲಿಲ್ಲ. ಗುಳಿಯೆಂದರೆ ಹಲ್ಲಲ್ಲ, ಹಲ್ಲಿನ ಸವೆತ. ಊದುವಾಗ ಮೌತ್‌ಪೀಸ್ ಅಲುಗುವುದರಿಂದ ಗುಳಿ ಹಲ್ಲಿಗಿಂತ ಅಗಲ. ಅದರಿಂದ ತಿಳಿಯುವುದು ಎತ್ತರ, ಓರೆ, ನಡುವಣ ದೂರ ಇಷ್ಟೇ, ಮಿಕ್ಕದ್ದನ್ನು ಊದಿಸಿ ಊದಿಸಿಯೇ ಕಂಡುಕೊಳ್ಳಬೇಕು ಎಂದು ನಮಗೆ ವಿವರಿಸಿದರು.

ಮಾರನೆಯ ದಿನ ಅವರು ಆ ಚೆಂದದ ಜೋಡಿ ಕ್ಯಾಪುಗಳನ್ನು ಕೊರೆದು ಒಡೆದರು. ಕಾಲೇಜಿನಲ್ಲಿ ಅದುವರೆಗೆ ಆಗಿದ್ದ ಅತ್ಯುತ್ತಮ ಕೆಲಸವದು. ಅದನ್ನು ಮಾಡಿದ ಕೈಯೇ ಅದನ್ನು ಚೂರು ಮಾಡುತ್ತಿತ್ತು, ಮತ್ತು ಮಾಡಿದ ದಿನ ಎಷ್ಟು ಸ್ಥಿರವಾಗಿತ್ತೋ ಒಡೆಯುವ ದಿನವೂ ಅಷ್ಟೇ ಸ್ಥಿರವಾಗಿತ್ತು. ಆಮೇಲೆ ತಾತ್ಕಾಲಿಕ ಹಲ್ಲುಗಳ ಪರ್ವ. ಹೊರರೋಗಿಗಳ ಹೊತ್ತು ಮುಗಿಯುತ್ತಾ ಬಂದಾಗ ಮೇಷ್ಟ್ರು ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಹಲ್ಲು ಎಲ್ಲಿ ಎತ್ತರವಾಗಿದೆಯೆಂದು ನೋಡಲು ನಾವು ರೋಗಿಯಿಂದ ಕಚ್ಚಿಸುವ ನೀಲಿ ಕಾಗದವನ್ನು ಮೇಡಂ ಮೌತ್‌ಪೀಸಿನ ಮೇಲಿಟ್ಟು ಊದಿಸುತ್ತಿದ್ದರು. ಹಲ್ಲಿನ ತುದಿಗೆ ಬಣ್ಣ ಹತ್ತಿದ ಕಡೆ ಒಂದಿಷ್ಟು ಉಜ್ಜುತ್ತಿದ್ದರು, ಹತ್ತದ ಕಡೆ ಒಂದಿಷ್ಟು ಸೇರಿಸುತ್ತಿದ್ದರು. ಊದು, ತೆಗೆ, ಉಜ್ಜು, ಊದು. ಹೊರಗಿನ ಬೆಂಚಿನಿಂದ ಒಂದು ದಿನ ಅಜ್ಜಿಯೊಬ್ಬರು ಊದಿಕೊಂಡ ಕೆನ್ನೆಯ ಸಮೇತ ಬಾಗಿಲಲ್ಲಿ ಇಣುಕಿ, "ಹಲ್ಲು ಕೀಳ್ಸೋಕೆ ಬಂದ್ರೆ ಸಂಗೀತ ಬೇರೆ ಕೇಳಿಸ್ತೀರಾ? ಕಿತ್ತಾದ ಮೇಲಾ, ಮೊದಲಾ?" ಎಂದು ಕೇಳಿದರು. ಮೇಷ್ಟ್ರು ಬಾಯಿಂದ ಕ್ಲಾರಿನೆಟ್ ತೆಗೆದು, "ನಂದು ಕೇಳಿದ್ರೆ ಹಲ್ಲು ತಾನಾಗೇ ಬೀಳುತ್ತೆ ಅಜ್ಜಿ," ಎಂದರು. ಎಲ್ಲರೂ ನಕ್ಕರು, ಮೇಡಂ ಮಾತ್ರ ನಗಲಿಲ್ಲ.

ಕೀಚಲು ನಿಂತಿತು, ದವಡೆನೋವು ಇಳಿಯಿತು, ಆದರೆ ಸ್ವರ ತಲೆಯೊಳಗೆ ಬರಲಿಲ್ಲ. ಎತ್ತರ ಸರಿಯಿತ್ತು, ಓರೆ ಸರಿಯಿತ್ತು, ಗುಳಿಗಳಲ್ಲಿ ಹಲ್ಲು ಸರಿಯಾಗಿ ಕೂರುತ್ತಿತ್ತು. ಆದರೂ ಏನೋ ಒಂದು ಇರಲಿಲ್ಲ. ಹಂಗಾಮು ಹತ್ತಿರ ಬಂತು. ಒಂದು ಮಧ್ಯಾಹ್ನ ಮೇಷ್ಟ್ರು ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟರು. "ಸಾಕು ಡಾಕ್ಟ್ರೇ. ನೀವು ಪಟ್ಟ ಪಾಡು ಯಾರೂ ಪಡಲ್ಲ. ಆ ಹುಡುಗ ಊದಲಿ. ನನಗೆ ಎರಡನೇ ಕುರ್ಚಿನೂ ಕುರ್ಚಿನೇ," ಎಂದರು.

ಮೇಷ್ಟ್ರ ಮುಖವನ್ನಲ್ಲ, ಅವರ ತಾತ್ಕಾಲಿಕ ಹಲ್ಲುಗಳನ್ನೇ ನೋಡುತ್ತಿದ್ದ ಮೇಡಂ, "ಒಂದು ನಿಮಿಷ ಕೂತ್ಕೊಳಿ," ಎಂದು ಅವರನ್ನು ಮತ್ತೆ ಒರಗಿಸಿ, ತೆಳುವಾದ ಚಕ್ರವನ್ನು ಎರಡು ಹಲ್ಲುಗಳ ನಡುವೆ ಇಳಿಸಿದರು. ಮೊದಲಿನ ಕ್ಯಾಪುಗಳಂತೆಯೇ ಒಂದಕ್ಕೊಂದು ಬೆಸೆದಿದ್ದ ಆ ಹಲ್ಲುಗಳು ಬೇರೆಬೇರೆಯಾದವು.

ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಯಷ್ಟು ತೆಳುವಾದ ನಾರಿನ ಪದರವೊಂದಿದೆ. ಪ್ರತಿ ಹಲ್ಲೂ ತನ್ನದೇ ನಾರಿನ ತೊಟ್ಟಿಲಲ್ಲಿ ತೂಗುತ್ತಿರುತ್ತದೆ, ಒತ್ತಡದ ಸುದ್ದಿಯನ್ನು ತಾನೇ ಒಳಗೆ ಕಳಿಸುತ್ತದೆ. ಇದನ್ನು ನಾವೆಲ್ಲ ಮೊದಲ ವರ್ಷದಲ್ಲೇ ಓದಿ ಪರೀಕ್ಷೆಯಲ್ಲಿ ಬರೆದಿದ್ದೆವು. ಎರಡು ಹಲ್ಲುಗಳನ್ನು ಬೆಸೆದಾಗ ಎರಡು ತೊಟ್ಟಿಲುಗಳನ್ನು ಕಟ್ಟಿಹಾಕಿದಂತೆ ಎಂಬುದು ಆ ಕೋಣೆಯಲ್ಲಿದ್ದ ಯಾರಿಗೂ ಆ ಮಧ್ಯಾಹ್ನದವರೆಗೆ ಹೊಳೆದಿರಲಿಲ್ಲ. ಸಾಮಾನ್ಯರ ಊಟಕ್ಕೆ, ಮಾತಿಗೆ ಆ ಕಟ್ಟಿನಿಂದ ಏನೂ ತೊಂದರೆಯಿಲ್ಲ. ಹಲ್ಲಿನ ಮೂಲಕ ಕೇಳಿಸಿಕೊಳ್ಳುವ ಮನುಷ್ಯನಿಗೆ ಮಾತ್ರ ಅದು ಕಿವಿ ಮುಚ್ಚಿದಂತೆ.

ಮೇಷ್ಟ್ರು ಮನಸ್ಸಿಲ್ಲದ ಮನಸ್ಸಿನಿಂದ ಪೆಟ್ಟಿಗೆ ತೆರೆದು, ಹಳೆಯ ಮೌತ್‌ಪೀಸ್ ಸಿಕ್ಕಿಸಿ, ಒಂದು ಕೆಳಗಿನ ಸ್ವರ ಹಿಡಿದರು. ಹಿಡಿದದ್ದನ್ನು ಬಿಡಲಿಲ್ಲ. ಅದು ತುಂಬಾ ಮೆಲ್ಲಗೆ ಶುರುವಾಗಿ, ಕೋಣೆಯ ತಟ್ಟೆಗಳೂ ಗಾಜಿನ ಸೀಸೆಗಳೂ ಸಣ್ಣಗೆ ಅದುರುವವರೆಗೆ ಬೆಳೆದು, ಮತ್ತೆ ಇಳಿದು ನಿಂತಿತು. ಅವರು ಕ್ಲಾರಿನೆಟ್ ಕೆಳಗಿಳಿಸಿ ಎರಡು ಬೆರಳು ಹಣೆಯ ಮೇಲಿಟ್ಟುಕೊಂಡರು.

"ಬಂತು ಡಾಕ್ಟ್ರೇ. ಒಳಗೆ ಬಂತು."

ಇನ್ನು ಖಾಯಂ ಹಲ್ಲು ಮಾಡಬೇಕಲ್ಲ. ಸರಿಹೊಂದಿದ ತಾತ್ಕಾಲಿಕ ಹಲ್ಲುಗಳ ಗಾರೆಯ ಎರಕ ಹಿಡಿದು ಲ್ಯಾಬಿಗೆ ಹೋದಾಗ ಪಿಂಗಾಣಿ ಹಲ್ಲು ಮಾಡುವ ಯಜಮಾನರು ಅದನ್ನು ಹಿಂದೆಮುಂದೆ ತಿರುಗಿಸಿ, "ಇದನ್ನ ಬೇಕೂಂತಲೇ ಸೊಟ್ಟಗೆ ಮಾಡಬೇಕಾ ಮೇಡಂ? ನೋಡಿದೋರು ನನ್ನ ಕೈ ನಡುಗ್ತಿದೆ ಅಂತಾರೆ," ಎಂದು ರಾಗ ಎಳೆದರು. "ನಿಮ್ಮ ಹೆಸರು ಹಲ್ಲಿನ ಮೇಲೆ ಬರೆಸಲ್ಲ, ಮಾಡಿ," ಎಂದರು ಮೇಡಂ. ಯಜಮಾನರು ಗೊಣಗುತ್ತಲೇ ಮಾಡಿದ ಆ ಸೊಟ್ಟ ಹಲ್ಲುಗಳು, ಒಂದರ ಹಿಂದೆ ಒಂದು ಸರಿದು ನಿಂತು, ಹಗಲಿನ ಬೆಳಕಿನಲ್ಲಿ ಹುಟ್ಟಿನಿಂದಲೇ ಇದ್ದವೇನೋ ಎಂಬಂತೆ ಕಂಡವು. ಕೂರಿಸಿದ ದಿನ ಮೇಷ್ಟ್ರ ಹೆಂಡತಿ ಗಂಡನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, "ಬಂದ್ರು ನಮ್ಮ ಯಜಮಾನ್ರು. ಇಷ್ಟು ದಿನ ಯಾರೋ ಬೇರೆಯವರಿಗೆ ಅಡುಗೆ ಮಾಡಿ ಹಾಕ್ತಿದ್ದೆ," ಎಂದರು.

ಹಂಗಾಮಿನ ಮೊದಲ ಸಂಜೆಗೆ ಮೇಷ್ಟ್ರು ವಿಭಾಗದವರಿಗೆಲ್ಲ ಟಿಕೆಟ್ ಕಳಿಸಿದ್ದರು. ಅವರ ಭಾಗ ಬಂದಾಗ ಮಿಕ್ಕ ವಾದ್ಯಗಳೆಲ್ಲ ನಿಂತವು. ಆ ಸಂಗೀತವನ್ನು ವರ್ಣಿಸುವ ವಿದ್ಯೆ ನನ್ನಲ್ಲಿಲ್ಲ. ಮೊದಲ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು, ಎರಡನೆಯ ಕುರ್ಚಿಯ ಶಿಷ್ಯ ತನ್ನ ಕ್ಲಾರಿನೆಟ್ಟನ್ನು ಮಂಡಿಯ ಮೇಲೆ ಮಲಗಿಸಿಕೊಂಡು ಗುರುವಿನ ಕಡೆ ತಿರುಗಿ ನಗುತ್ತಿದ್ದ ಎಂದಷ್ಟೇ ಹೇಳಬಲ್ಲೆ. ನನ್ನ ಪಕ್ಕದಲ್ಲಿ ಕೂತಿದ್ದ ಮೇಡಂ ಕಣ್ಣು ಮುಚ್ಚಿದ್ದರು. ಸಂಗೀತದಲ್ಲಿ ಮೈಮರೆತಿದ್ದಾರೆಂದುಕೊಂಡೆ. ಚಪ್ಪಾಳೆಯ ನಡುವೆ ಅವರು ಕೆನ್ನೆ ನೀವಿಕೊಳ್ಳುತ್ತಾ, "ಒಂದೂ ಕೇಳಿಸಲಿಲ್ಲ. ಅವರು ಊದಿ ಮುಗಿಸೋವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ. ದವಡೆ ಹಿಡ್ಕೊಂಡಿದೆ," ಎಂದರು. ಹಲ್ಲು ಕಚ್ಚಿಕೊಳ್ಳಬೇಡಿ, ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ ಎಂದು ದಿನವೂ ರೋಗಿಗಳಿಗೆ ಹೇಳುತ್ತಿದ್ದ ಬಾಯಿಯಿಂದ ಆ ಮಾತು ಕೇಳಿ ನನಗೆ ನಗು ಬಂದಿತ್ತು.

ಆ ಸಂಜೆಯಿಂದ ಈಚೆಗಿನ ಅವರ 'ಮುಟ್ಟುವ ಮೊದಲು ಅಚ್ಚು' ಎಂಬ ನಿಯಮ ಈಗ ವಿಭಾಗದ ನಿಯಮ. ಎಷ್ಟೇ ಸಣ್ಣ ಕೆಲಸವಿರಲಿ, ಇದ್ದುದನ್ನು ಇದ್ದ ಹಾಗೆ ಎರಕ ಹೊಯ್ದು ಇಟ್ಟುಕೊಳ್ಳದೆ ನಮ್ಮಲ್ಲಿ ಯಾರೂ ಯಂತ್ರ ಹಿಡಿಯುವಂತಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮೊದಲ ತರಗತಿಗೆ ಮೇಡಂ ಆ ಸೊಟ್ಟ ಹಲ್ಲಿನ ಗಾರೆಯ ಎರಕವನ್ನು ಕೈಯಲ್ಲಿ ಹಿಡಿದು ಬಂದು, "ಇದು ನನ್ನ ತಪ್ಪು, ಕೈಯಿಂದ ಕೈಗೆ ದಾಟಿಸಿ ನೋಡಿ," ಎನ್ನುತ್ತಿದ್ದರು. ಪ್ರಾಧ್ಯಾಪಕರಾದ ಮೇಲೂ, ಮುಖ್ಯಸ್ಥರಾದ ಮೇಲೂ ಆ ತರಗತಿಯನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ವಸ್ತುಗಳನ್ನು ಓದುವ ಚಾಳಿಯೂ ಅವರಿಗೆ ಅಲ್ಲಿಂದಲೇ ಹತ್ತಿತು. ರೋಗಿಗಳಿಗೆ ಮನೆಯಿಂದ ಸ್ವಂತ ಬ್ರಶ್ ತರಲು ಹೇಳುತ್ತಿದ್ದರು. ಎಳೆಗಳು ಎರಡೂ ಕಡೆ ಚೆದುರಿದ್ದರೆ ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತಾರೆ. ಒಂದೇ ಮಗ್ಗುಲು ಸವೆದಿದ್ದರೆ ಇನ್ನೊಂದು ದವಡೆಗೆ ಬ್ರಶ್ ಹೋಗುವುದೇ ಇಲ್ಲ. ಹೊಸದರಂತೆ ಹೊಳೆಯುತ್ತಿದ್ದರೆ ಬರುವ ದಾರಿಯಲ್ಲಿ ಕೊಂಡದ್ದು. "ಪೆನ್ನು ಹಿಡಿದ ಹಾಗೆ ಹಿಡೀರಿ, ಒಸಡಿನ ಅಂಚಿನಿಂದ ಸಣ್ಣದಾಗಿ ಸುತ್ತಿಸಿ, ಮಲಗೋ ಮುಂಚೆ ಅಂತೂ ತಪ್ಪಿಸಬೇಡಿ, ಆಮೇಲೆ ನನ್ನ ಹತ್ತಿರ ಬರೋ ಕೆಲಸ ಇರಲ್ಲ," ಎಂದು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದರು. ರೂಟ್ ಕೆನಾಲಿಗೆ ಕೊಡುವಷ್ಟೇ ಹೊತ್ತನ್ನು ಬ್ರಶ್ಶಿಗೆ ಕೊಡುವ ಪ್ರಾಧ್ಯಾಪಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಅವರು ಅಂದವನ್ನು ಅಲಕ್ಷಿಸಿದವರಲ್ಲ. ಹಲ್ಲು ಹುಟ್ಟಿದಾಗಿನಿಂದಲೇ ಅದರ ಮೇಲೆ ಕಂದು ಕಲೆಗಳಿದ್ದ, ಅಂಗೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದ ಬಟ್ಟೆ ಅಂಗಡಿಯ ಹುಡುಗಿಯೊಬ್ಬಳು ಬಂದಾಗ, ಹಲ್ಲನ್ನು ಉಜ್ಜದೆ, ಮೇಲ್ಪದರಕ್ಕಷ್ಟೇ ಮದ್ದು ಹಚ್ಚಿ ಕಲೆ ತಿಳಿಯಾಗಿಸಿ, ಉಳಿದದ್ದನ್ನು ಹಲ್ಲಿನದೇ ಬಣ್ಣದ ತೆಳುವಾದ ಲೇಪದಲ್ಲಿ ಮರೆಮಾಡಿದರು. ಕೊನೆಯ ದಿನ ಅವಳು ಏನೋ ಹೇಳಲು ಹೋದಾಗ ಅಂಗೈ ರೂಢಿಯಂತೆ ಬಾಯಿಯ ಬಳಿ ಹೋಗಿ, ಅಲ್ಲಿ ತನಗೇನು ಕೆಲಸವೆಂದು ಹೊಳೆಯದೆ ಅರ್ಧದಲ್ಲೇ ನಿಂತು, ಕೆಳಗಿಳಿಯಿತು. ಮೇಡಂ ಆಚೆ ತಿರುಗಿ ತುಂಬಾ ಹೊತ್ತು ಕೈ ತೊಳೆದುಕೊಂಡರು.

ಕ್ಲಾರಿನೆಟ್ ಮೇಷ್ಟ್ರು ತಪ್ಪದೆ ಹಲ್ಲು ಶುಚಿ ಮಾಡಿಸಿಕೊಳ್ಳಲು ಬರುತ್ತಲೇ ಇದ್ದರು. ಮೊದಲ ಕುರ್ಚಿಯಿಂದಲೇ ನಿವೃತ್ತರಾದರು. ಕಳೆದ ತಿಂಗಳು ಕೋಲೂರಿಕೊಂಡು ಬಂದಿದ್ದಾಗ, "ಉಸಿರು ಕೈಕೊಟ್ಟಿದೆ ಡಾಕ್ಟ್ರೇ, ನೀವು ಕೊಟ್ಟ ಹಲ್ಲು ಮಾತ್ರ ಕೈಕೊಟ್ಟಿಲ್ಲ," ಎಂದು ಹೇಳಿ, ಕರವಸ್ತ್ರದಲ್ಲಿ ಸುತ್ತಿದ್ದ ಹಳೆಯ ಮೌತ್‌ಪೀಸನ್ನು ಮೇಡಂ ಅವರ ಮೇಜಿನ ಮೇಲಿಟ್ಟರು. ಮೇಡಂ ಅದನ್ನು ಎತ್ತಿ ಗಾರೆಯ ಎರಕದ ಹಲ್ಲುಗಳಿಗೆ ತಾಗಿಸಿದರು. ಗುಳಿಗಳಲ್ಲಿ ಹಲ್ಲುಗಳು ಟಕ್ಕನೆ ಕೂತವು.

ಮೇಡಂ ಅವರ ನಿವೃತ್ತಿಗೆ ಏನು ಕೊಡುವುದೆಂಬ ಚರ್ಚೆ ಬಂದಾಗ ಈಗಿನ ವಿದ್ಯಾರ್ಥಿಗಳೇ ದಾರಿ ತೋರಿಸಿದರು: ಮೇಡಂ ಹೋಗುವ ಮೊದಲು ಅವರದೇ ಅಚ್ಚು ತೆಗೆದಿಟ್ಟುಕೊಳ್ಳಬೇಕು, ನಿಯಮ ನಿಯಮವೇ. ಮೂಲೆಯ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ಪಾಕ ತುಂಬಿದ ತಟ್ಟೆಯನ್ನು ಬಾಯಿಗಿಟ್ಟು, "ಮೂಗಲ್ಲಿ ಉಸಿರಾಡಿ ಮೇಡಂ, ಕಾಲ್ಬೆರಳು ಅಲ್ಲಾಡಿಸ್ತಾ ಇರಿ, ವಾಕರಿಕೆ ಬರಲ್ಲ," ಎಂದು ಅವರು ಕಲಿಸಿದ ಮಾತನ್ನೇ ಅವರಿಗೆ ಒಪ್ಪಿಸಿದರು. ವಿಭಾಗದ ಇತಿಹಾಸದಲ್ಲಿ ಮೇಡಂ ಮಾತಿಲ್ಲದೆ ಕೂತ ಏಕೈಕ ಪ್ರಸಂಗ ಅದು. ಬಾಯಲ್ಲಿ ತಟ್ಟೆ ಕಚ್ಚಿಕೊಂಡೇ ಕೈಸನ್ನೆಯಲ್ಲಿ, ತಟ್ಟೆ ಓರೆಯಾಗಿದೆ, ಸರಿ ಮಾಡಿ ಎಂದು ತಿದ್ದಿದರು ಎಂಬುದು ಬೇರೆ ಮಾತು.

ಎರಕ ಒಣಗಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವನು ನಾನು. ಅವರು ಕಲಿಸಿದಂತೆಯೇ ಓದಿದೆ. ಮುಂಹಲ್ಲುಗಳು ಸರಿಯಾಗಿದ್ದವು. ದವಡೆಯ ಹಲ್ಲುಗಳಿಗೆ ಬಂದಾಗ ಓದು ನಿಂತಿತು. ಅಲ್ಲಿ ಇರಬೇಕಾದ ದಿಣ್ಣೆಗಳು ಇರಲಿಲ್ಲ. ಎಡಬಲಗಳೆರಡರಲ್ಲೂ ಹಲ್ಲಿನ ನೆತ್ತಿ ಸವೆದು ನುಣ್ಣಗೆ, ಮಟ್ಟಸವಾಗಿ, ನೆಲಹಾಸಿನಂತಾಗಿತ್ತು. ಒಂದು ನಾಟಕಮಂದಿರದ ಒಂದು ಸಂಜೆಯಲ್ಲಿ ಆಗುವ ಸವೆತವಲ್ಲ ಅದು. ಬೇರೆಯವರ ಬಾಯಿ ತೆರೆಸಿ ಬಗ್ಗಿ ನಿಂತ ಪ್ರತಿ ಸಲವೂ, ಆ ಕೈ ಅಷ್ಟು ಸ್ಥಿರವಾಗಿದ್ದ ಪ್ರತಿ ಕ್ಷಣವೂ, ಮುಖಗವುಸಿನ ಹಿಂದೆ ಯಾರಿಗೂ ಕಾಣದಂತೆ ಅವರು ಹಲ್ಲು ಕಚ್ಚಿಕೊಂಡೇ ಇದ್ದರು. ಅವರ ಕೈಯ ಸ್ಥಿರತೆ ಎಲ್ಲಿಂದ ಬರುತ್ತಿತ್ತೆಂದು ವಿದ್ಯಾರ್ಥಿಯಾಗಿದ್ದಾಗಿನಿಂದ ಬೆರಗಾಗುತ್ತಿದ್ದ ನನಗೆ ಉತ್ತರ ಅಂಗೈ ಮೇಲೆ ಸಿಕ್ಕಿತ್ತು.

ಆ ಎರಕದ ಮೇಲೆ ಅಳತೆ ಹಾಕಿ ವಿದ್ಯಾರ್ಥಿಗಳು ತಿಳಿಯಾದ, ತೆಳುವಾದ ಕವಚವೊಂದನ್ನು ಮಾಡಿದ್ದಾರೆ. ರಾತ್ರಿ ಮಲಗುವಾಗ ಹಾಕಿಕೊಂಡರೆ ಹಲ್ಲು ಹಲ್ಲಿಗೆ ತಾಗುವುದಿಲ್ಲ. ಹೂಗುಚ್ಛದ ಬದಲು ಅದನ್ನೇ ಅವರಿಗೆ ಒಪ್ಪಿಸುತ್ತಿದ್ದೇವೆ. ಎರಕ ಮಾತ್ರ ವಿಭಾಗದಲ್ಲೇ, ಮೇಷ್ಟ್ರ ಎರಕದ ಪಕ್ಕದಲ್ಲೇ ಇರುತ್ತದೆ. ಬರುವ ವರ್ಷದ ಮೊದಲ ತರಗತಿಯಲ್ಲಿ ಎರಡೂ ಕೈಯಿಂದ ಕೈಗೆ ದಾಟುತ್ತವೆ. ಆ ತರಗತಿಯನ್ನು ತೆಗೆದುಕೊಳ್ಳಲು ಮೇಡಂ ಅವರೇ ಬರಬೇಕು, ಆ ವರ್ಷವೂ ಅದರ ಮುಂದಿನ ವರ್ಷಗಳಲ್ಲೂ ಬರಬೇಕು ಎಂಬುದು ನಮ್ಮೆಲ್ಲರ ಕೋರಿಕೆ. ಅವರಿಗೆ ದೀರ್ಘ ಆಯುಸ್ಸಿರಲಿ, ಆ ಆಯುಸ್ಸಿನ ಕೊನೆಯ ತುತ್ತಿನವರೆಗೂ ಅವರ ಹಲ್ಲುಗಳು ಅವರವೇ ಆಗಿರಲಿ. ಮೂಲೆಯ ಕುರ್ಚಿಯ ಬಳಿ ಹಗಲಿನ ಬೆಳಕು ಹಾಗೇ ಇದೆ; ಇಷ್ಟ ಬಂದಾಗ ಬಂದು ನಮ್ಮ ಕೆಲಸ ನೋಡಿ ಬೈಯಲಿ. ಈಗ ಕಚ್ಚಿಕೊಳ್ಳುವ ಸರದಿ ನಮ್ಮದು. ಮೇಡಂ, ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ.